ರಸ್ತೆಯೇ ನೆಲೆ: ಲಾರಿ ಏರಿದ ಕ್ಷಿಪಣಿಯ ಕಥೆ

ಬೆಂಗಳೂರಿನಿಂದ ಹೊರಟು ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿದರೆ ನಲ್ಲಂಪಳ್ಳಿ. ಅಲ್ಲಿಂದ ಸೇಲಂ ಕಡೆಗೆ ಸ್ವಲ್ಪ ಮುಂದೆ ಹೋದರೆ ತೊಪ್ಪೂರು ಘಾಟಿ. ರಾಷ್ಟ್ರೀಯ ಹೆದ್ದಾರಿ 44ರ ಈ ಇಳಿಜಾರಿನಲ್ಲಿ ರಾತ್ರಿಯಿಡೀ ಲಾರಿಗಳ ಸಾಲು ಕಡಿಯುವುದಿಲ್ಲ. ಕಂಟೇನರ್, ಟ್ಯಾಂಕರ್, ಹದಿನಾರು ಚಕ್ರದ ಟ್ರೈಲರ್‌ಗಳು ಒಂದರ ಹಿಂದೊಂದು ಇಳಿಯುತ್ತವೆ. ಕಾದ ಬ್ರೇಕಿನ ಕಮಟು ವಾಸನೆ ಗಾಳಿಯಲ್ಲಿ ನಿಂತೇ ಇರುತ್ತದೆ. ಟಾರ್ಪಾಲಿನ್ ಕಟ್ಟಿದ ಮೇಲೆ ಯಾವ ಲಾರಿಯಲ್ಲಿ ಏನಿದೆಯೆಂದು ರಸ್ತೆ ಪಕ್ಕ ನಿಂತವರಿಗೂ ಗೊತ್ತಾಗುವುದಿಲ್ಲ, ಆಕಾಶದಿಂದ ನೋಡುವ ಉಪಗ್ರಹಕ್ಕೂ ಗೊತ್ತಾಗುವುದಿಲ್ಲ.

ಇಂದಿನ ಯುದ್ಧಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಅಸ್ತ್ರದ ಬಲ ಇರುವುದೇ ಈ ಗೊತ್ತಾಗದಿರುವುದರಲ್ಲಿ. ಲಾರಿಯ ಬೆನ್ನೇರಿ ರಸ್ತೆಯಲ್ಲಿ ಸಾಗುವ, ಎಲ್ಲೆಂದರಲ್ಲಿ ನಿಂತು ಹಾರುವ, ಹಾರಿಸಿದ ಮೇಲೆ ಜಾಗ ಖಾಲಿ ಮಾಡುವ ಅಲ್ಪ ವ್ಯಾಪ್ತಿಯ ಕ್ಷಿಪಣಿ ಅದು. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ನಾವೆಲ್ಲ ಅದನ್ನು ನೋಡಿದ್ದೇವೆ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿಂದ ಬಂತು, ಅದರಿಂದ ಯಾರಿಗೆ ಏನಾಗುತ್ತದೆ ಎಂಬುದು ಮಾತ್ರ ಹೆಚ್ಚಿನವರಿಗೆ ಅರ್ಧಂಬರ್ಧ ತಿಳಿದ ವಿಷಯ.

ನಾಲ್ಕೈದು ನಿಮಿಷಗಳ ಹಾರಾಟ

ಸಾವಿರ ಕಿಲೋಮೀಟರ್‌ಗಿಂತ ಕಡಿಮೆ ದೂರ ಹೋಗುವ ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ಅಲ್ಪ ವ್ಯಾಪ್ತಿಯವು ಎನ್ನುತ್ತಾರೆ. ಬ್ಯಾಲಿಸ್ಟಿಕ್ ಎಂದರೆ ಎಂಜಿನ್ ಬಲದಿಂದ ಸಾಗುವುದು ಆರಂಭದಲ್ಲಿ ಮಾತ್ರ. ಮೊದಲ ಒಂದು ನಿಮಿಷದ ಆಸುಪಾಸು ಇಂಧನ ಉರಿದು ಕ್ಷಿಪಣಿಯನ್ನು ಮೇಲಕ್ಕೆ, ಮುಂದಕ್ಕೆ ನೂಕುತ್ತದೆ. ಆಮೇಲೆ ಅದು ಕೈಯಿಂದ ಎಸೆದ ಕಲ್ಲಿನ ಹಾಗೆ ಕಮಾನು ಬರೆದು ಗುರಿಯ ಮೇಲೆ ಬೀಳುತ್ತದೆ.

ಮುನ್ನೂರು ಕಿಲೋಮೀಟರ್ ದೂರಕ್ಕೆ ಹಾರುವ ಕ್ಷಿಪಣಿ ಸುಮಾರು ಎಪ್ಪತ್ತೈದು ಕಿಲೋಮೀಟರ್ ಎತ್ತರಕ್ಕೆ ಏರುತ್ತದೆ. ವಿಮಾನಗಳು ಹಾರುವ ಎತ್ತರದ ಆರೇಳು ಪಟ್ಟು ಅದು. ಅದರ ವೇಗ ಶಬ್ದದ ಐದು ಪಟ್ಟಿಗೆ ಹತ್ತಿರ. ಹೊರಟಲ್ಲಿಂದ ಬೀಳುವವರೆಗೆ ಹಿಡಿಯುವ ಸಮಯ ನಾಲ್ಕೈದು ನಿಮಿಷ. ಬೆಂಗಳೂರಿನಿಂದ ಸೇಲಂ ರಸ್ತೆಯಲ್ಲಿ ಮೂರು ನಾಲ್ಕು ತಾಸಿನ ದಾರಿ. ಇಂಥ ಕ್ಷಿಪಣಿಗೆ ಅದು ಮೂರು ನಾಲ್ಕು ನಿಮಿಷದ ಮಾತು.

ವೇಗಕ್ಕಿಂತ ಮುಖ್ಯವಾದದ್ದು ಅದನ್ನು ಹೊತ್ತ ವಾಹನ. ಕ್ಷಿಪಣಿಯನ್ನು ಸಾಗಿಸುವುದು, ಎತ್ತಿ ನಿಲ್ಲಿಸುವುದು, ಹಾರಿಸುವುದು, ಈ ಮೂರೂ ಕೆಲಸ ಒಂದೇ ಲಾರಿಯದು. ಕಾಂಕ್ರೀಟಿನ ಸ್ಥಿರ ನೆಲೆ ಕಟ್ಟಿದರೆ ಶತ್ರು ಅದನ್ನು ಮೊದಲೇ ಗುರುತು ಹಾಕಿಕೊಂಡು ಮೊದಲ ದಿನವೇ ಹೊಡೆದುಹಾಕುತ್ತಾನೆ. ಓಡಾಡುವ ಲಾರಿಯನ್ನು ಹೊಡೆಯಬೇಕಾದರೆ ಅದು ಈ ಕ್ಷಣ ಎಲ್ಲಿದೆಯೆಂದು ಗೊತ್ತಿರಬೇಕು.

ಬಾರಾಮಹಲಿನ ದಾರಿಯಲ್ಲಿ

ಹೊತ್ತೊಯ್ಯುವ ರಾಕೆಟ್ಟಿನ ಬಲವನ್ನು ಜಗತ್ತಿಗೆ ತೋರಿಸಿದ್ದು ನಮ್ಮ ಮೈಸೂರು. ಇಂದಿನ ಧರ್ಮಪುರಿ, ಕೃಷ್ಣಗಿರಿ, ಸೇಲಂ ಸೀಮೆಯನ್ನು ಆಗ ಬಾರಾಮಹಲ್ ಎನ್ನುತ್ತಿದ್ದರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅದು ಮೈಸೂರಿನ ಆಳ್ವಿಕೆಯಲ್ಲಿತ್ತು. ಮೈಸೂರಿನ ಪ್ರಸ್ಥಭೂಮಿಯಿಂದ ತಮಿಳು ಬಯಲಿಗೆ ಇಳಿಯುವ ಘಾಟಿಗಳು ಇರುವುದು ಇಲ್ಲೇ. ಹಾಗಾಗಿ ಸೈನ್ಯಗಳು ಏರಿ ಇಳಿದದ್ದೂ ಇದೇ ದಾರಿಯಲ್ಲಿ. ಮೂರನೇ ಮೈಸೂರು ಯುದ್ಧದ ಹೊತ್ತಿಗೆ, 1790ರ ನವೆಂಬರ್‌ನಲ್ಲಿ, ಬೆನ್ನಟ್ಟಿ ಬಂದ ಇಂಗ್ಲಿಷರ ಜನರಲ್ ಮೆಡೋಸ್‌ನ ಕೈಗೆ ಸಿಗದೆ ಟಿಪ್ಪು ತನ್ನ ಸೈನ್ಯದೊಂದಿಗೆ ಇದೇ ತೊಪ್ಪೂರು ಕಣಿವೆಯಿಂದ ನುಸುಳಿ ಕಾವೇರಿಯ ಬಯಲಿಗೆ ಇಳಿದ. ಭಾರದ ಫಿರಂಗಿ ಎಳೆಯುವ ಎತ್ತುಗಳು ನಿಧಾನ. ಬೇಗ ಜಾಗ ಬದಲಿಸುವ ಸೈನ್ಯಕ್ಕೆ ಹಗುರವಾದ, ದೂರ ಹೊಡೆಯುವ ಆಯುಧ ಬೇಕಿತ್ತು. ಮೈಸೂರಿನ ರಾಕೆಟ್ ಅಂಥದ್ದು.

ಬಾಣಬಿರುಸು ಮೊದಲೇ ಇತ್ತು. ಮೈಸೂರು ಮಾಡಿದ ಹೊಸತೆಂದರೆ ಕಾಗದ, ಬಿದಿರಿನ ಕೊಳವೆಯ ಬದಲಿಗೆ ಕಬ್ಬಿಣದ ಕೊಳವೆ. ಕಬ್ಬಿಣವಾದ್ದರಿಂದ ಮದ್ದನ್ನು ಒತ್ತಿ ತುಂಬಬಹುದಿತ್ತು. ಒಳಗಿನ ಹೆಚ್ಚಿನ ಒತ್ತಡವನ್ನು ಕೊಳವೆ ತಡೆದುಕೊಳ್ಳುತ್ತಿತ್ತು, ರಾಕೆಟ್ ಬಲು ದೂರ ಹೋಗುತ್ತಿತ್ತು. ಲಂಡನ್ನಿನ ವೂಲಿಚ್‌ನ ಸಂಗ್ರಹಾಲಯದಲ್ಲಿ ಉಳಿದಿದ್ದ ಎರಡು ಮೈಸೂರು ರಾಕೆಟ್‌ಗಳ ಅಳತೆ ನಮಗೆ ಸಿಕ್ಕಿದೆ. ಒಂದರ ಕೊಳವೆ 58 ಮಿಲಿಮೀಟರ್ ದಪ್ಪ, 254 ಮಿಲಿಮೀಟರ್ ಉದ್ದ. ಅದಕ್ಕೆ ಒಂದು ಮೀಟರ್ ಉದ್ದದ ನೇರ ಕತ್ತಿಯ ಅಲಗನ್ನೇ ಕಟ್ಟಿದ್ದರು. ಇನ್ನೊಂದು 37 ಮಿಲಿಮೀಟರ್ ದಪ್ಪದ್ದು. ತೊಗಲಿನ ಪಟ್ಟಿಯಿಂದ ಅದನ್ನು 1.9 ಮೀಟರ್ ಉದ್ದದ ಬಿದಿರಿಗೆ ಬಿಗಿದಿದ್ದರು. ಹಾರುವಾಗ ನೇರ ಹೋಗಲಿ ಎಂದೇ ಬಿದಿರು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೈಲಿಯ ಪಡೆ ಮೈಸೂರಿನ ಸೈನ್ಯದ ಎದುರು ಮಣ್ಣುಮುಕ್ಕಿತು. ಆ ಕಾಳಗದಲ್ಲಿ ಮದ್ದಿನ ಬಂಡಿ ಸಿಡಿದ ಕ್ಷಣವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದಲ್ಲಿ ಇಂದಿಗೂ ಕಾಣಬಹುದು. ಟಿಪ್ಪು ತನ್ನ ಸೈನ್ಯದ ಪ್ರತಿ ಕುಶೂನ್‌ಗೆ, ಅಂದರೆ ಪ್ರತಿ ದಂಡಿಗೆ, 200 ರಾಕೆಟ್ ಸಿಪಾಯಿಗಳನ್ನು ನೇಮಿಸಿದ್ದ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿಯ ಕತ್ತಲಲ್ಲಿ ರಾಕೆಟ್ ಮಳೆಗೆ ಸಿಕ್ಕಿ ಹಿಂದೆ ಸರಿದ ಅಧಿಕಾರಿ, ಮುಂದೆ ನೆಪೋಲಿಯನ್‌ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ.

ಅದೇ ವರ್ಷ ಮೇ 4ರಂದು ಕೋಟೆ ಬಿತ್ತು. ಒಳಗೆ ಇಂಗ್ಲಿಷರಿಗೆ ಸಿಕ್ಕಿದ್ದು 600 ಉಡಾವಣಾ ಸಾಧನ, ಹಾರಿಸಲು ಸಿದ್ಧವಿದ್ದ 700 ರಾಕೆಟ್, 9,000 ಖಾಲಿ ಕೊಳವೆ. ಈ ರಾಕೆಟ್‌ಗಳು ಎಷ್ಟು ಊರುಗಳಲ್ಲಿ ಹರಡಿದ್ದವು ಎನ್ನುವುದಕ್ಕೆ ಸಾಕ್ಷಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿದೆ. 2018ರಲ್ಲಿ ಅಲ್ಲಿನ ಹಳೆಯ ಬಾವಿಯೊಂದನ್ನು ಬಗೆದಾಗ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಬಾವಿಯ ಮಣ್ಣಿಗೇ ಮದ್ದಿನ ವಾಸನೆ ಹತ್ತಿತ್ತು.

ಕೈತಪ್ಪಿದ ವಿದ್ಯೆ

ಶ್ರೀರಂಗಪಟ್ಟಣದ ರಾಕೆಟ್‌ಗಳು ವೂಲಿಚ್‌ಗೆ ಹೋದವು. ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ಅವುಗಳನ್ನು ನೋಡಿ, ತೂಗಿ, ಹಾರಿಸಿ, ಲೆಕ್ಕ ಬರೆದು ತನ್ನದೇ ರಾಕೆಟ್ ರೂಪಿಸಿದ. 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮೇಲೆ ಅವು ಸುರಿದಾಗ ಹೊತ್ತಿ ಉರಿದದ್ದರಲ್ಲಿ ಮನೆಮಠಗಳೂ ಇದ್ದವು.

ಈ ಚರಿತ್ರೆಯನ್ನು ವಿಜ್ಞಾನಿಯ ಕಣ್ಣಿಂದ ತೂಗಿದವರು ಬೆಂಗಳೂರಿನ ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯ ಅವರ ಮಗ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದಾಗ, 1985ರಲ್ಲಿ, ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಕುರಿತು ಅವರು ಬರೆದ ಪ್ರಬಂಧ ಇಂದಿಗೂ ಈ ವಿಷಯಕ್ಕೆ ಆಧಾರ. ಮೈಸೂರಿನ ಕುಶಲಕರ್ಮಿಗಳ ಕೈಚಳಕ ಮೇಲಾಗಿತ್ತು. ಅದನ್ನು ಅಳತೆ, ಪ್ರಯೋಗ, ದಾಖಲೆಗಳ ಶಿಸ್ತಿಗೆ ಒಳಪಡಿಸಿದ ದೇಶ ಮುಂದೆ ಹೋಯಿತು. ನಮ್ಮ ಹೆಮ್ಮೆಯ ಜೊತೆಗೆ ಈ ಪಾಠವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಕಾಡಿನಲ್ಲಿ ಅಡಗಿದ ವಿ-2

ಇಂದಿನ ಅರ್ಥದ ಮೊದಲ ಬ್ಯಾಲಿಸ್ಟಿಕ್ ಕ್ಷಿಪಣಿ ಜರ್ಮನಿಯ ವಿ-2. ಹನ್ನೆರಡು ಟನ್ನಿಗೂ ಹೆಚ್ಚು ತೂಕ, ಸುಮಾರು 320 ಕಿಲೋಮೀಟರ್ ವ್ಯಾಪ್ತಿ. ಅದಕ್ಕೆ ಫ್ರಾನ್ಸಿನ ಕರಾವಳಿಯಲ್ಲಿ ಭಾರಿ ಕಾಂಕ್ರೀಟ್ ನೆಲೆ ಕಟ್ಟಬೇಕು ಎನ್ನುವುದು ಹಿಟ್ಲರ್‌ನ ಹಟ. ಕಟ್ಟುತ್ತಿರುವಾಗಲೇ, 1943ರ ಆಗಸ್ಟ್‌ನಲ್ಲಿ, ಮಿತ್ರಪಡೆಗಳ ಬಾಂಬು ಅದನ್ನು ಹಾಳುಗೆಡವಿತು. ಆಗ ಉಳಿದ ದಾರಿ ಟ್ರೈಲರ್ ಮೇಲೆ ಕ್ಷಿಪಣಿ ಹೇರಿಕೊಂಡು ಕಾಡಿನ ರಸ್ತೆಗಳಿಂದ ಹಾರಿಸುವುದು. 1944ರ ಸೆಪ್ಟೆಂಬರ್ 8ರಿಂದ ಪ್ಯಾರಿಸ್, ಲಂಡನ್ನುಗಳ ಮೇಲೆ ಬಿದ್ದದ್ದು ಹಾಗೆ ಹಾರಿದ ಕ್ಷಿಪಣಿಗಳು.

ಲಂಡನ್ನಿನ ಮೇಲೆ ಹಾರಿಸಿದ ಜಾಗಗಳಲ್ಲಿ ಮುಖ್ಯವಾದದ್ದು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರ. ಊರಿನ ನಡುವಿನ ಮರಗಳ ತೋಪಿನಲ್ಲಿ ಜರ್ಮನ್ನರು ಟ್ರೈಲರ್ ಮರೆಸುತ್ತಿದ್ದರು. ಆ ತೋಪಿಗೆ ಗುರಿಯಿಟ್ಟು 1945ರ ಮಾರ್ಚ್ 3ರಂದು ಬ್ರಿಟಿಷ್ ವಿಮಾನಗಳು ಹಾಕಿದ ಬಾಂಬುಗಳು ಗುರಿ ತಪ್ಪಿ ಪಕ್ಕದ ಬೆಜೌಡನ್‌ಹೌಟ್ ಬಡಾವಣೆಯ ಮೇಲೆ ಬಿದ್ದವು. ಐನೂರಕ್ಕೂ ಹೆಚ್ಚು ಜನ ಸತ್ತರು. ಅವರು ಶತ್ರುಗಳಲ್ಲ, ಜರ್ಮನ್ನರ ಹಿಡಿತದಲ್ಲಿ ನಲುಗುತ್ತಿದ್ದ ಡಚ್ ನಾಗರಿಕರು. ಓಡಾಡುವ ಕ್ಷಿಪಣಿಯ ಮೊದಲ ಅಧ್ಯಾಯದಲ್ಲೇ ಅದರ ದೊಡ್ಡ ಅಪಾಯ ಹೀಗೆ ಬಯಲಾಗಿತ್ತು: ಕ್ಷಿಪಣಿ ಎಲ್ಲಿ ಅಡಗುತ್ತದೋ ಅಲ್ಲಿನ ಜನರೇ ಗುರಿಯಾಗುತ್ತಾರೆ.

ಯುದ್ಧದ ನಂತರ ಸೋವಿಯತ್ ಒಕ್ಕೂಟ ವಿ-2 ಅನ್ನೇ ತಿದ್ದಿ ಸ್ಕಡ್ ಮಾಡಿತು. ಎಂಟು ಚಕ್ರದ ದೈತ್ಯ ಲಾರಿ, ಮುನ್ನೂರು ಕಿಲೋಮೀಟರ್ ವ್ಯಾಪ್ತಿ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕ್ ಇದರದೇ ಮಾರ್ಪಾಡುಗಳನ್ನು ಇಸ್ರೇಲ್ ಮತ್ತು ಸೌದಿ ಅರೇಬಿಯಾದ ಮೇಲೆ ಹಾರಿಸಿತು. ಆಕಾಶ ಪೂರ್ತಿ ಅಮೆರಿಕದ ಹಿಡಿತದಲ್ಲಿತ್ತು, ಮರುಭೂಮಿಯಲ್ಲಿ ಮರೆಯೂ ಕಡಿಮೆ. ಆದರೂ ರಾತ್ರಿ ಹೊರಬಂದು, ಹಾರಿಸಿ, ಸೇತುವೆಗಳ ಕೆಳಗೆ ಸೇರಿಕೊಳ್ಳುತ್ತಿದ್ದ ಲಾರಿಗಳನ್ನು ಹಿಡಿಯುವುದು ಕಷ್ಟವಾಯಿತು. ವಿಮಾನದಿಂದ ಒಂದೇ ಒಂದು ಸಂಚಾರಿ ಲಾರಿಯನ್ನಾದರೂ ಹೊಡೆದದ್ದಕ್ಕೆ ಖಚಿತ ಪುರಾವೆ, ಯುದ್ಧ ಮುಗಿದ ಮೇಲೆ ಅಮೆರಿಕದ ವಾಯುಪಡೆಯೇ ಮಾಡಿಸಿದ ಅಧ್ಯಯನಕ್ಕೂ ಸಿಗಲಿಲ್ಲ. ಈ ಅನುಭವವನ್ನು ಚೀನಾ, ಪಾಕಿಸ್ತಾನ, ಇರಾನ್, ಉತ್ತರ ಕೊರಿಯಾ ಎಲ್ಲವೂ ಗಮನಿಸಿದವು.

ಪೃಥ್ವಿ ಹುಟ್ಟಿದ ಬಗೆ

ಭಾರತದ ಪ್ರಯತ್ನ 1970ರ ದಶಕದಲ್ಲಿ ಶುರುವಾಯಿತು. ಸೋವಿಯತ್ತಿನ ವಿಮಾನನಿರೋಧಕ ಕ್ಷಿಪಣಿಯೊಂದನ್ನು ಬಿಚ್ಚಿ ನೋಡಿ ಅದರಂತೆ ಮಾಡುವ ‘ಡೆವಿಲ್’ ಯೋಜನೆ ಗುರಿ ಮುಟ್ಟದೆ ನಿಂತಿತು. ಆದರೆ ದ್ರವ ಇಂಧನದ ಎಂಜಿನ್ ಕಟ್ಟುವ ವಿದ್ಯೆ ಹೈದರಾಬಾದಿನ ಪ್ರಯೋಗಾಲಯದಲ್ಲಿ ಉಳಿಯಿತು. 1983ರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ನೇತೃತ್ವದಲ್ಲಿ ಸಮಗ್ರ ಕ್ಷಿಪಣಿ ಕಾರ್ಯಕ್ರಮಕ್ಕೆ 388 ಕೋಟಿ ರೂಪಾಯಿ ಮಂಜೂರಾಯಿತು. ಬಿಡಿಬಿಡಿಯಾಗಿ ಬೇಡ, ಐದು ಕ್ಷಿಪಣಿಗಳನ್ನು ಒಟ್ಟಿಗೆ ಕೈಗೆತ್ತಿಕೊಳ್ಳಿ ಎಂದು ರಕ್ಷಣಾ ಸಚಿವ ಆರ್. ವೆಂಕಟರಾಮನ್ ಬೆಂಬಲಿಸಿದರು. ಆಗ ರಕ್ಷಣಾ ವಿಜ್ಞಾನ ಸಲಹೆಗಾರರಾಗಿದ್ದವರು ಮೈಸೂರು ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ ವಿ.ಎಸ್. ಅರುಣಾಚಲಂ.

1988ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಪೃಥ್ವಿ ಮೊದಲ ಬಾರಿ ಹಾರಿತು. ಸುಮಾರು ಒಂಬತ್ತು ಮೀಟರ್ ಉದ್ದ, ನಾಲ್ಕೂವರೆ ಟನ್ ತೂಕ. ಸೈನ್ಯದ ಪೃಥ್ವಿ-1 ಸಾವಿರ ಕಿಲೋ ಸಿಡಿತಲೆ ಹೊತ್ತು 150 ಕಿಲೋಮೀಟರ್ ಹೋಗುತ್ತಿತ್ತು. ಪೃಥ್ವಿ-2 ಅದಕ್ಕಿಂತ ಹಗುರ ಸಿಡಿತಲೆ ಹೊತ್ತು ಮೊದಲು 250, ಆಮೇಲೆ 350 ಕಿಲೋಮೀಟರ್ ಮುಟ್ಟಿತು. ಇದನ್ನು ಹೊತ್ತ ಟಟ್ರಾ ಲಾರಿಗಳನ್ನು ಒದಗಿಸಿದ್ದು ಬೆಂಗಳೂರಿನ ಬಿಇಎಂಎಲ್. ಲಾರಿಯ ನಡುವೆ ಬೆನ್ನುಮೂಳೆಯ ಜಾಗದಲ್ಲಿ ಒಂದೇ ಉಕ್ಕಿನ ಕೊಳವೆ, ಅದರ ಇಕ್ಕೆಲದಲ್ಲಿ ಎಂಟು ಚಕ್ರ. ಒಂದು ಚಕ್ರ ಗುಂಡಿಗೆ ಇಳಿದರೂ ಮಿಕ್ಕವು ತಮ್ಮ ಪಾಡಿಗೆ ನೆಲ ಹಿಡಿದಿರುತ್ತವೆ.

ಪೃಥ್ವಿಯ ತೊಡಕು ಇದ್ದದ್ದು ಇಂಧನದಲ್ಲಿ. ಅದರ ಒಂದು ದ್ರವ ಹೊಗೆಯಾಡುವ ನೈಟ್ರಿಕ್ ಆಮ್ಲ. ಲೋಹ ತಿನ್ನುತ್ತದೆ, ಉಸಿರಿಗೆ ಹೋದರೆ ಶ್ವಾಸಕೋಶ ಸುಡುತ್ತದೆ. ಇನ್ನೊಂದು ದ್ರವ ಅದಕ್ಕೆ ತಾಗಿದ ಕೂಡಲೇ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಎರಡಕ್ಕೂ ಬೇರೆ ಬೇರೆ ಟ್ಯಾಂಕರ್ ಬೇಕು. ಮೈ ಪೂರ್ತಿ ಮುಚ್ಚುವ ರಬ್ಬರ್ ಉಡುಪು ತೊಟ್ಟ ಸಿಬ್ಬಂದಿ ಪೈಪು ಜೋಡಿಸಿ ನಿಧಾನವಾಗಿ ತುಂಬಬೇಕು. ಓಡುವ ಅಸ್ತ್ರಕ್ಕೆ ಹೀಗೆ ನಿಂತು ಕಾಯುವ ಸಮಯವೇ ಅಪಾಯದ ಸಮಯ.

ಲಾರಿ ಎಲ್ಲಿ ನಿಂತಿದೆ ಎಂಬುದೇ ರಾಜತಾಂತ್ರಿಕ ಪ್ರಶ್ನೆಯಾಗಬಲ್ಲದು. 1997ರ ಜೂನ್‌ನಲ್ಲಿ ಕೆಲವು ಪೃಥ್ವಿ ಕ್ಷಿಪಣಿಗಳು ಪಂಜಾಬಿನ ಜಲಂಧರ್‌ಗೆ ಬಂದಿವೆಯೆಂದು ಅಮೆರಿಕದ ಪತ್ರಿಕೆಯೊಂದು ವರದಿ ಮಾಡಿದಾಗ ಇಸ್ಲಾಮಾಬಾದಿನಿಂದ ವಾಷಿಂಗ್ಟನ್‌ವರೆಗೆ ಗದ್ದಲವೆದ್ದಿತು. ಕ್ಷಿಪಣಿ ನಿಯೋಜಿಸಿಲ್ಲ ಎಂದು ಪ್ರಧಾನಿ ಐ.ಕೆ. ಗುಜ್ರಾಲ್ ಹೇಳಬೇಕಾಯಿತು. ಒಂದು ಕ್ಷಿಪಣಿಯೂ ಹಾರಿರಲಿಲ್ಲ. ಲಾರಿ ಜಾಗ ಬದಲಿಸಿದ ಸುದ್ದಿಯೇ ಸಾಕಾಯಿತು.

ಪ್ರಳಯ್: ಗಟ್ಟಿ ಇಂಧನ, ಬಾಗುವ ದಾರಿ

ಇಂಧನದ ತೊಡಕಿಗೆ ಪರಿಹಾರ ಘನ ಇಂಧನ. ಕಾರ್ಖಾನೆಯಲ್ಲೇ ಎರಕ ಹೊಯ್ದು ತುಂಬಿಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಅಪ್ಪಣೆ ಬಂದರೆ ಲಾರಿ ನಿಲ್ಲಿಸಿ, ಕ್ಷಿಪಣಿ ಎತ್ತಿ, ಹಾರಿಸಿ ಹೊರಡಬಹುದು. 2021ರ ಡಿಸೆಂಬರ್ 22ರಂದು ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ಮೊದಲು ಹಾರಿದ ‘ಪ್ರಳಯ್’ ಈ ಬಗೆಯದು. ಮರುದಿನವೇ ಎರಡನೇ ಪರೀಕ್ಷೆಯೂ ನಡೆಯಿತು. ವ್ಯಾಪ್ತಿ 150ರಿಂದ 500 ಕಿಲೋಮೀಟರ್. ಹೈದರಾಬಾದಿನ ರಿಸರ್ಚ್ ಸೆಂಟರ್ ಇಮಾರತ್ ಇದರ ಮುಖ್ಯ ವಿನ್ಯಾಸಕ. ತಯಾರಿಕೆಯಲ್ಲಿ ಹೈದರಾಬಾದಿನ ಬಿಡಿಎಲ್ ಜೊತೆಗೆ ನಮ್ಮ ಬೆಂಗಳೂರಿನ ಬಿಇಎಲ್ ಇದೆ. 2025ರ ಗಣರಾಜ್ಯೋತ್ಸವದಲ್ಲಿ ಇದು ಮೊದಲ ಬಾರಿ ಸಾರ್ವಜನಿಕರ ಕಣ್ಣಿಗೆ ಬಿತ್ತು. ಅದೇ ವರ್ಷದ ಜುಲೈ 28 ಮತ್ತು 29ರಂದು ಸತತ ಎರಡು ದಿನ ಪರೀಕ್ಷೆಗಳಾದವು.

ಪ್ರಳಯ್ ಹಳೆಯ ಕ್ಷಿಪಣಿಗಳಂತೆ ಒಂದೇ ಕಮಾನಿನಲ್ಲಿ ಬೀಳುವುದಿಲ್ಲ. ಕೆಳಮಟ್ಟದಲ್ಲಿ ಹಾರಿ, ನಡುವೆ ದಾರಿ ಬದಲಿಸುತ್ತದೆ. ಎಲ್ಲಿ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕಿ ಹೊಡೆದುರುಳಿಸುವ ರಕ್ಷಣಾ ವ್ಯವಸ್ಥೆಗೆ ಇದು ತಲೆನೋವು. ರಷ್ಯಾದ ಇಸ್ಕಂದರ್ ಕೂಡ ಹೀಗೆಯೇ. 2022ರಿಂದ ಉಕ್ರೇನಿನ ಊರುಗಳ ಮೇಲೆ ಬೀಳುತ್ತಿರುವ ಕ್ಷಿಪಣಿಗಳಲ್ಲಿ ಅದೂ ಒಂದು.

ಇನ್ನೊಂದು ವ್ಯತ್ಯಾಸ ಓದುಗರು ಗಮನಿಸಬೇಕಾದ್ದು. ಪೃಥ್ವಿ-2 ಅಣ್ವಸ್ತ್ರವನ್ನೂ ಹೊರಬಲ್ಲದು. ಸಾಮಾನ್ಯ ಸಿಡಿತಲೆಯನ್ನೂ ಹೊರಬಲ್ಲದು. ಹಾರಿ ಬರುತ್ತಿರುವ ಕ್ಷಿಪಣಿಯಲ್ಲಿ ಇರುವುದು ಯಾವುದೆಂದು ಎದುರಿನವನಿಗೆ ತಿಳಿಯುವುದಿಲ್ಲ. ಪ್ರಳಯ್ ಅನ್ನು ಭಾರತ ಸಾಮಾನ್ಯ ಸಿಡಿತಲೆಗಳ ಅಸ್ತ್ರವಾಗಿ ರೂಪಿಸುತ್ತಿರುವುದಕ್ಕೆ ಇದೂ ಕಾರಣ. ಎರಡು ಕೆಲಸಕ್ಕೆ ಎರಡು ಬೇರೆ ಅಸ್ತ್ರ ಇದ್ದರೆ ತಪ್ಪು ತಿಳಿಯುವ ಸಾಧ್ಯತೆ ಕಡಿಮೆ. ಆದರೆ ಪಾಕಿಸ್ತಾನವೂ 2025ರ ಆಗಸ್ಟ್‌ನಲ್ಲಿ ಪ್ರತ್ಯೇಕ ರಾಕೆಟ್ ಪಡೆ ಕಟ್ಟುವುದಾಗಿ ಘೋಷಿಸಿದೆ. ಎರಡೂ ಕಡೆ ಇಂಥ ಲಾರಿಗಳು ಹೆಚ್ಚುತ್ತಿವೆ.

ರಸ್ತೆ ಪಕ್ಕದ ಜನ

ಈ ಅಸ್ತ್ರದ ಪರಿಣಾಮ ಬೀಳುವುದು ಮೊದಲು ಸಾಮಾನ್ಯರ ಮೇಲೆ. 2022ರ ಏಪ್ರಿಲ್ 8ರಂದು ಉಕ್ರೇನಿನ ಕ್ರಮಟೋರ್ಸ್ಕ್ ರೈಲು ನಿಲ್ದಾಣದಲ್ಲಿ ಊರು ಬಿಟ್ಟು ಹೋಗಲು ರೈಲಿಗೆ ಕಾಯುತ್ತಿದ್ದವರ ನಡುವೆ ಬಿದ್ದದ್ದು ಟೋಚ್ಕಾ ಎಂಬ ಸಂಚಾರಿ ಕ್ಷಿಪಣಿ. ಐವತ್ತಕ್ಕೂ ಹೆಚ್ಚು ಜನ ಸತ್ತರು, ಮಕ್ಕಳೂ ಇದ್ದರು. ಬೀಳುವ ಕಡೆ ಹೀಗಾದರೆ, ಹಾರುವ ಕಡೆ ಹೇಗೆಂಬುದಕ್ಕೆ ಹೇಗ್ ನಗರದ ಉದಾಹರಣೆ ಇದೆ. ಸೈನ್ಯದ ದೃಷ್ಟಿಯಲ್ಲಿ ರಸ್ತೆ ಒಳ್ಳೆಯ ಮರೆ. ಆದರೆ ರಸ್ತೆಯ ಇಕ್ಕೆಲದಲ್ಲಿ ಶಾಲೆ, ಸಂತೆ, ಮನೆಗಳಿರುತ್ತವೆ.

ಎರಡನೆಯದು ಸಮಯ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಕ್ಕೆ ಖಂಡಾಂತರ ಕ್ಷಿಪಣಿ ಬರುವ ಮುನ್ನ ಯೋಚಿಸಲು ಅರ್ಧ ಗಂಟೆಯಾದರೂ ಇತ್ತು. ಗಡಿ ಹಂಚಿಕೊಂಡಿರುವ ಎರಡು ಅಣ್ವಸ್ತ್ರ ದೇಶಗಳಿಗೆ ಇರುವುದು ನಾಲ್ಕೈದು ನಿಮಿಷ. ಅಷ್ಟರಲ್ಲಿ ರಾಡಾರ್ ಕಂಡದ್ದು ನಿಜವೇ, ಅದು ಯಾವ ಕ್ಷಿಪಣಿ, ತಪ್ಪಿ ಹಾರಿದ್ದೇ, ಬೇಕೆಂದೇ ಹಾರಿಸಿದ್ದೇ ಎಂದು ಯಾರು ನಿರ್ಧರಿಸಬೇಕು?

ಇದು ಕಲ್ಪನೆಯ ಪ್ರಶ್ನೆಯಲ್ಲ. 2022ರ ಮಾರ್ಚ್ 9ರಂದು ಭಾರತದ ಒಂದು ಕ್ಷಿಪಣಿ ಅಚಾತುರ್ಯದಿಂದ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ನಮ್ಮ ಸರ್ಕಾರ ವಿಷಾದ ಹೇಳಿತು, ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಿತು. ಅದು ಶಾಂತಿಯ ದಿನ. ಗಡಿಯಲ್ಲಿ ಗುಂಡಿನ ಚಕಮಕಿ ನಡೆಯುತ್ತಿರುವ ದಿನವಾಗಿದ್ದರೆ ಎದುರಿನವರು ಅಷ್ಟೇ ಸಾವಧಾನದಿಂದ ಇರುತ್ತಿದ್ದರೆಂದು ನಂಬಲು ಆಧಾರವಿಲ್ಲ.

ಕಾಗದದ ಮೇಲಿನ ರಕ್ಷಣೆ

ಇದಕ್ಕೆ ಪೂರ್ತಿ ಪರಿಹಾರ ಇಲ್ಲದಿದ್ದರೂ ಭಾಗಶಃ ಪರಿಹಾರ ಇದೆ. 2005ರ ಅಕ್ಟೋಬರ್ 3ರಂದು ಭಾರತ ಮತ್ತು ಪಾಕಿಸ್ತಾನ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷಿಸುವ ಮೊದಲು ಕನಿಷ್ಠ ಮೂರು ದಿನ ಮುಂಚೆ ತಿಳಿಸಬೇಕು. ಉಡಾವಣಾ ಜಾಗ ಗಡಿಯಿಂದ 40 ಕಿಲೋಮೀಟರ್ ಒಳಗೆ ಇರಬಾರದು, ಬೀಳುವ ಜಾಗವೂ ಗಡಿಗೆ ಹತ್ತಿರ ಇರಬಾರದು. 1988ರ ಇನ್ನೊಂದು ಒಪ್ಪಂದದಂತೆ 1992ರಿಂದ ಜನವರಿ 1ರಂದು ಎರಡೂ ದೇಶ ತಮ್ಮ ಅಣುಸ್ಥಾವರಗಳ ಪಟ್ಟಿ ವಿನಿಮಯ ಮಾಡಿಕೊಳ್ಳುತ್ತಿವೆ. ಸೇನಾ ಕಾರ್ಯಾಚರಣೆಯ ಮಹಾನಿರ್ದೇಶಕರ ನಡುವೆ ನೇರ ದೂರವಾಣಿ ಇದೆ.

ಕೊರತೆಯೂ ಇಲ್ಲೇ ಇದೆ. 2005ರ ಒಪ್ಪಂದ ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ. ಕೊನೆಯವರೆಗೂ ಎಂಜಿನ್ ಬಲದಲ್ಲೇ ಹಾರುವ ಕ್ರೂಸ್ ಕ್ಷಿಪಣಿ ಅದರಲ್ಲಿ ಸೇರಿಲ್ಲ. ಮಿಯಾನ್ ಚನ್ನುವಿನಲ್ಲಿ ಬಿದ್ದದ್ದು ಅದೇ ಬಗೆಯದು. ಯುದ್ಧಕಾಲದಲ್ಲಿ ಅಣ್ವಸ್ತ್ರದ ಲಾರಿಯನ್ನೂ ಸಾಮಾನ್ಯ ಸಿಡಿತಲೆಯ ಲಾರಿಯನ್ನೂ ಬೇರೆ ಬೇರೆಯಾಗಿ ಇಡುತ್ತೇವೆಂಬ ಮಾತು ಯಾವ ಕಾಗದದಲ್ಲೂ ಇಲ್ಲ. ಈ ಎರಡು ಅಂಶ ಸೇರಿಸಲು ದೊಡ್ಡ ಖರ್ಚೇನೂ ಆಗುವುದಿಲ್ಲ. ಎರಡೂ ರಾಜಧಾನಿಗಳಲ್ಲಿ ಮನಸ್ಸು ಬೇಕು.

ಗಡಿ ಕಾಯುವ ಸೈನ್ಯಕ್ಕೆ ಪ್ರಳಯ್‌ನಂಥ ಅಸ್ತ್ರ ಬೇಕು. ನೆರೆಯವರ ಬಳಿ ಇರುವಾಗ ನಮ್ಮ ಬಳಿ ಇಲ್ಲದಿದ್ದರೆ ನಡೆಯದು. ಅದನ್ನು ಕಟ್ಟಿದ ವಿಜ್ಞಾನಿಗಳು, ಬೆಂಗಳೂರು, ಹೈದರಾಬಾದುಗಳ ಕಾರ್ಮಿಕರು ಗೌರವಕ್ಕೆ ಅರ್ಹರು. ಆದರೆ ಹೊಸ ಕ್ಷಿಪಣಿ ಹಾರಿದ ಸುದ್ದಿಗೆ ಚಪ್ಪಾಳೆ ತಟ್ಟುವ ನಾವು, ಮುನ್ಸೂಚನೆಯ ಒಪ್ಪಂದ ವಿಸ್ತರಿಸಿದ್ದೀರಾ ಎಂದು ನಮ್ಮ ಸಂಸದರನ್ನು ಕೇಳುವುದನ್ನೂ ಕಲಿಯಬೇಕು. ಯುದ್ಧ ಬಂದರೆ ಲಾರಿ ಮುಂದೆ ಹೋಗುತ್ತದೆ. ಊರು ಅಲ್ಲೇ ಇರುತ್ತದೆ. ಆ ಊರಿನ ಪರವಾಗಿ ಮಾತಾಡುವ ಕೆಲಸ ಸೈನ್ಯದ್ದಲ್ಲ, ನಾಗರಿಕರದು.